ಕಾಣದಿರುವುದನ್ನು ಕಾಣುವವರಾರು?

ಕಣ್ಣು ಕಾಣದವನಿಗೆ ತನಗೆ ಕಾಣದೆಂಬುದಾದರೂ ತಿಳಿದಿರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಪೂರ್ತಿ ನಿಜವಲ್ಲ. ಗ್ಲಾಕೋಮಾ ಎಂಬ ಬೇನೆಯಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಮೆಲ್ಲಮೆಲ್ಲನೆ ಸವೆಯುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಎದುರಿನ ಅಕ್ಷರ ಬಹುಕಾಲ ಸ್ಪಷ್ಟವಾಗಿಯೇ ಇರುತ್ತದೆ. ಸುತ್ತಲಿನ ನೋಟ ಮಾತ್ರ ತುಣುಕುತುಣುಕಾಗಿ ಅಳಿಯುತ್ತದೆ. ಅಳಿದ ಕಡೆ ಕಪ್ಪು ಕಂಡಿದ್ದರೆ ಮನುಷ್ಯ ಗಾಬರಿಯಿಂದ ವೈದ್ಯರಲ್ಲಿಗೆ ಓಡುತ್ತಿದ್ದ. ಕಪ್ಪೂ ಕಾಣದು. ಅಕ್ಕಪಕ್ಕದ ಬಣ್ಣವನ್ನೇ ಎಳೆದು ಮಿದುಳು ಆ ತೂತಿಗೆ ತೇಪೆ ಹಾಕಿರುತ್ತದೆ.

ನಮ್ಮ ತತ್ತ್ವಶಾಸ್ತ್ರದಲ್ಲಿ ಅನುಪಲಬ್ಧಿ ಎಂಬ ಪ್ರಮಾಣವೊಂದುಂಟು. ಕುಮಾರಿಲ ಭಟ್ಟರ ಮತದವರೂ ಅದ್ವೈತಿಗಳೂ ಅದನ್ನು ಒಪ್ಪಿದ್ದಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯುತ್ತೇವೆ. ಆದರೆ ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಂತಿರಬೇಕು. ಕತ್ತಲಲ್ಲಿ ಕಾಣದ ಗಡಿಗೆ ಇಲ್ಲವೆನ್ನಲು ಬಾರದು. ಗ್ಲಾಕೋಮಾ ಬಂದವನ ಕಷ್ಟ ಇಲ್ಲಿಯೇ ಇದೆ. ಪಕ್ಕದಿಂದ ಬರುವ ಸೈಕಲ್ಲು ಕಾಣಲಿಲ್ಲ, ಆದ್ದರಿಂದ ಸೈಕಲ್ಲಿಲ್ಲ ಎಂದುಕೊಳ್ಳುತ್ತಾನೆ. ತನ್ನ ಕಣ್ಣಿನ ಕೊರತೆಯನ್ನು ಲೋಕದ ಕೊರತೆಯೆಂದು ಎಣಿಸುತ್ತಾನೆ.

ಈ ಭ್ರಮೆ ಹರಿಯಲು ಇನ್ನೊಬ್ಬರು ಬೇಕು. ದೃಷ್ಟಿಕ್ಷೇತ್ರದ ಪರೀಕ್ಷೆಯೆಂದರೆ ಇಷ್ಟೇ: ನೋಟವನ್ನು ನಟ್ಟನಡುವೆ ನಿಲ್ಲಿಸಿ, ಸುತ್ತ ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗಿಸುತ್ತಾರೆ, ಕಂಡಾಗ ಗುಂಡಿ ಒತ್ತಬೇಕು. ಚುಕ್ಕೆ ಎಲ್ಲಿ ಮಿನುಗಿತೆಂಬುದು ಯಂತ್ರಕ್ಕೆ ಗೊತ್ತು. ಕಂಡಿತೋ ಇಲ್ಲವೋ ಎಂಬುದಕ್ಕೆ ರೋಗಿಯೊಬ್ಬನೇ ಸಾಕ್ಷಿ. ಎರಡೂ ಕೂಡಿದಾಗಲೇ ಸತ್ಯ. ಇದಕ್ಕೆ ದೊಡ್ಡ ಬೋಗುಣಿಯಂಥ ಯಂತ್ರವೂ ಕತ್ತಲ ಕೋಣೆಯೂ ಬೇಕಾಗಿದ್ದುವು. ಈಗ ವರ್ಚುಯಲ್ ರಿಯಾಲಿಟಿಯ ಕನ್ನಡಕದೊಳಗೇ ಕತ್ತಲೆಯನ್ನೂ ಚುಕ್ಕೆಗಳನ್ನೂ ಅಡಗಿಸಿದ್ದಾರೆ; ಒಂದು ಕೈಚೀಲದಲ್ಲಿ ಹಿಡಿಸುತ್ತದೆ. ಅದರ ತೀರ್ಪೇ ಕೊನೆಯದಲ್ಲ. ಅನುಮಾನ ಬಂದವರನ್ನು ಕಣ್ಣಿನ ವೈದ್ಯರು ಕೂಲಂಕಷವಾಗಿ ನೋಡಬೇಕು.

ಅಂಥ ಚೀಲ ತುಮಕೂರಿನಿಂದ ಬಸ್ಸು ಹತ್ತಿ ಗುಬ್ಬಿಗೂ ಕುಣಿಗಲ್ಲಿಗೂ ಹೋಗಬಲ್ಲದು. ಹೋಗಬೇಕೆ? ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಕಣ್ಣಿನ ಪೊರೆ ತೆಗೆದರು. ಪೊರೆ ಬಂದವನು ತಾನೇ ಕೋಲೂರಿ ಬರುತ್ತಿದ್ದ, ಬೆಳಕು ಪಡೆದು ಮರಳುತ್ತಿದ್ದ. ಗ್ಲಾಕೋಮಾದವನು ತಾನಾಗಿ ಬರುವುದಿಲ್ಲ. ತಮಿಳುನಾಡಿನ ಹಳ್ಳಿಗಳಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಈ ಬೇನೆಯಿದ್ದವರ ಪೈಕಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ಅದನ್ನು ಅದುವರೆಗೆ ಯಾರೂ ಗುರುತಿಸಿರಲಿಲ್ಲ. ಬಂದವನಿಗೂ ನಾವು ಕೊಡುವುದು ಬೆಳಕಲ್ಲ, ಸುದ್ದಿ. ಹೋದ ನೋಟ ಮರಳದು. ಉಳಿದದ್ದನ್ನು ಕಾಯಲು ಹೆಚ್ಚಿನವರು ಬದುಕಿರುವಷ್ಟು ದಿನವೂ ಔಷಧದ ಹನಿ ಹಾಕಿಕೊಳ್ಳಬೇಕು. ನೆಮ್ಮದಿಯಾಗಿ ತೆಂಗಿನ ತೋಟಕ್ಕೆ ನೀರು ಕಟ್ಟುತ್ತಿರುವ ಯಜಮಾನರಿಗೆ ಈ ಸುದ್ದಿ ಏಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯಲ್ಲಿ ಕರುಣೆಯಿದೆ, ತಳ್ಳಿಹಾಕತಕ್ಕದ್ದಲ್ಲ.

ಆದರೂ ಹೇಳಬೇಕೆಂದೇ ನನ್ನ ಮತ. ಹಾಳುಬಾವಿಯ ಕಡೆಗೆ ನಡೆಯುತ್ತಿರುವವನ ನೆಮ್ಮದಿಯನ್ನು ಕೆಡಿಸಬಾರದೆಂದು ದಡದಲ್ಲಿ ನಿಂತವನು ಸುಮ್ಮನಿದ್ದರೆ ಅದು ದಯೆಯಲ್ಲ. ತಾನೇ ಅರಿಯಲಾರದ ಸಂಗತಿಯನ್ನು ಅರಿತವರಿಂದ ಕೇಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಆದರೆ ಹೇಳಿದವನ ಮೇಲೆ ಒಂದು ಋಣ ಬೀಳುತ್ತದೆ. ಒಂದು ಭಾನುವಾರ ಶಿಬಿರ ನಡೆಸಿ, ಪಟ್ಟಿ ಬರೆದು, ಭಾವಚಿತ್ರ ತೆಗೆಸಿಕೊಂಡು ಹೊರಟುಬಿಟ್ಟರೆ, ಹಿಂದೆ ಉಳಿಯುವುದು ಭಯ ಮಾತ್ರ. ಹನಿಯ ಶೀಸೆ ಮುಗಿದ ದಿನ ಇನ್ನೊಂದು ಎಲ್ಲಿ ಸಿಗುತ್ತದೆ, ಅದರ ದುಡ್ಡು ಯಾರದು, ಆರು ತಿಂಗಳ ಮೇಲೆ ಮತ್ತೆ ನೋಡುವವರು ಯಾರು? ಈ ಮೂರಕ್ಕೆ ಉತ್ತರ ಸಿದ್ಧಮಾಡಿಕೊಂಡ ಮೇಲೆ ಚೀಲ ಬಸ್ಸು ಹತ್ತಲಿ.