ಅಗ್ಗದ ಟಿಕೆಟ್ಟು, ನ್ಯಾಯದ ಬೆಲೆ

ಜರ್ಮನಿಯೊಳಗಿನ ವಿಮಾನ ಪ್ರಯಾಣಕ್ಕೆ ಆನ್‌ಲೈನಿನಲ್ಲಿ ಟಿಕೆಟ್ ಬುಕ್ ಮಾಡಿದಾಗ, ಅಕ್ಕಪಕ್ಕದ ಎರಡು ಸೀಟುಗಳಿಗೆ ಬೇರೆ ಬೇರೆ ದರ ಬೀಳುವುದು ಸಾಮಾನ್ಯ. ತಿಂಗಳ ಮೊದಲೇ ಕೊಂಡವರಿಗೆ ಅಗ್ಗ, ಕೊನೆಗಳಿಗೆಯಲ್ಲಿ ಕೊಂಡವರಿಗೆ ದುಬಾರಿ. ಒಂದೇ ಸೇವೆಗೆ ಎರಡು ಬೆಲೆ ನ್ಯಾಯವೇ ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆ.

13ನೆಯ ಶತಮಾನದಲ್ಲಿ ಕಲೋನ್ ನಗರದಲ್ಲಿ ಆಲ್ಬರ್ಟಸ್ ಮ್ಯಾಗ್ನಸ್‌ನ ಬಳಿ ಕಲಿತ ಥಾಮಸ್ ಅಕ್ವಿನಾಸ್ ಇದಕ್ಕೊಂದು ಅಳತೆಗೋಲು ಕೊಟ್ಟ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುವುದಾದರೆ ಅದನ್ನು ಬೆಲೆಗೆ ಸೇರಿಸಬಹುದು. ಕೊಳ್ಳುವವನಿಗೆ ಗರಜು ಹೆಚ್ಚಿದೆಯೆಂದು ಬೆಲೆ ಏರಿಸುವಂತಿಲ್ಲ, ಏಕೆಂದರೆ ಆ ಗರಜು ಮಾರುವವನ ಸ್ವತ್ತಲ್ಲ. ಈ ಅಳತೆಯಲ್ಲಿ ಮುಂಗಡ ರಿಯಾಯಿತಿ ತಪ್ಪಲ್ಲ. ಹಾರಿಹೋದ ವಿಮಾನದ ಖಾಲಿ ಸೀಟಿಗೆ ಕಾಸೂ ಹುಟ್ಟುವುದಿಲ್ಲವಾದ್ದರಿಂದ, ಮೊದಲೇ ಕೊಂಡವರು ಕಂಪನಿಯ ಅಪಾಯವನ್ನು ಕಡಿಮೆ ಮಾಡುತ್ತಾರೆ. ಆದರೆ ಸಾವಿನ ಸುದ್ದಿ ಕೇಳಿ ಹೊರಟವರ ತುರ್ತನ್ನೇ ಲಾಭಕ್ಕೆ ದಾರಿ ಮಾಡಿಕೊಂಡರೆ ಅದು ಅನ್ಯಾಯ.

ಇಮ್ಯಾನುಯೆಲ್ ಕಾಂಟ್ 1785ರ ತನ್ನ ಗ್ರಂಥದಲ್ಲಿ, ಮಗು ಬಂದರೂ ಎಲ್ಲರಿಗೆ ಹೇಳುವ ಬೆಲೆಯನ್ನೇ ಹೇಳುವ ಅಂಗಡಿಕಾರನೊಬ್ಬನ ಉದಾಹರಣೆ ಕೊಟ್ಟಿದ್ದಾನೆ. ಗಿರಾಕಿ ಕೈತಪ್ಪಬಾರದೆಂಬ ಲೆಕ್ಕಾಚಾರದಿಂದ ಅವನು ಹಾಗೆ ನಡೆದುಕೊಂಡರೆ, ನಡತೆ ಸರಿಯಾಗಿದ್ದರೂ ಅದಕ್ಕೆ ನೈತಿಕ ಮೌಲ್ಯವಿಲ್ಲ. ವಿಮಾನ ಟಿಕೆಟ್ಟಿಗೂ ಈ ಮಾತು ಸಲ್ಲುತ್ತದೆ: ತೆರಿಗೆ, ಶುಲ್ಕಗಳೆಲ್ಲ ಸೇರಿದ ಅಂತಿಮ ದರವನ್ನು ತೋರಿಸಲೇಬೇಕೆಂದು ಐರೋಪ್ಯ ಒಕ್ಕೂಟದ 2008ರ ನಿಯಮ ಹೇಳುತ್ತದೆ. ಇಂಥ ಕಾನೂನು ಮೋಸವನ್ನು ತಡೆಯುತ್ತದೆ. ಪ್ರಾಮಾಣಿಕತೆಯನ್ನು ಹುಟ್ಟಿಸುವುದು ಅದರ ಕೈಯಲ್ಲಿಲ್ಲ.

ದರಕ್ಕೆ ಹೊಣೆ ಯಾರು ಎಂಬ ಪ್ರಶ್ನೆ 2017ರಲ್ಲಿ ಮುನ್ನೆಲೆಗೆ ಬಂತು. ಆ ವರ್ಷ ಏರ್ ಬರ್ಲಿನ್ ದಿವಾಳಿಯಾಗಿ, ಹಲವು ದೇಶೀಯ ಮಾರ್ಗಗಳಲ್ಲಿ ಲುಫ್ತಾನ್ಸಾಗೆ ಪೈಪೋಟಿಯೇ ಇಲ್ಲವಾಯಿತು. ದರಗಳು ಸರಾಸರಿ ಶೇ. 25ರಿಂದ 30ರಷ್ಟು ಏರಿದ್ದನ್ನು ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ಗುರುತಿಸಿತು. ತಂತ್ರಾಂಶವೇ ದರ ನಿಗದಿ ಮಾಡುತ್ತದೆಂಬ ಸಮಜಾಯಿಷಿಯನ್ನು ಅದರ ಅಧ್ಯಕ್ಷ ಆಂಡ್ರಿಯಾಸ್ ಮುಂಟ್ ಒಪ್ಪಲಿಲ್ಲ. ಅಲ್ಗಾರಿದಮ್‌ಗಳನ್ನು ದೇವರು ಬರೆಯುವುದಿಲ್ಲ ಎಂಬುದು ಅವರ ನಿಲುವು. ಈಸಿಜೆಟ್ ಕಣಕ್ಕಿಳಿದ ಮೇಲೆ, 2018ರಲ್ಲಿ, ಪ್ರಾಧಿಕಾರ ಔಪಚಾರಿಕ ತನಿಖೆ ಬೇಡವೆಂದು ತೀರ್ಮಾನಿಸಿತು. ಆದರೂ ಆ ನಿಲುವಿನ ತಿರುಳು ಗಟ್ಟಿಯಾದದ್ದು: ಬೆಲೆ ಮಳೆಬಿಸಿಲಿನಂತೆ ತಾನಾಗಿ ಬರುವುದಲ್ಲ, ಅದು ಮನುಷ್ಯರ ತೀರ್ಮಾನ, ತೀರ್ಮಾನಿಸಿದವರು ಉತ್ತರ ಕೊಡಬೇಕು.

ಕೊಳ್ಳುವವರಿಗೂ ಹೊಣೆಯುಂಟು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಶರಣೆ ಆಯ್ದಕ್ಕಿ ಲಕ್ಕಮ್ಮ ಹಿಂದಿರುಗಿಸಲು ಹೇಳಿದಳು. ಅಕ್ಕಿ ಸುಲಭವಾಗಿ ಸಿಕ್ಕಿತ್ತು. ಬೇಕೇ ಎಂಬುದಷ್ಟೇ ಅವಳ ಪ್ರಶ್ನೆ. ಮ್ಯೂನಿಕ್‌ನಿಂದ ಬರ್ಲಿನ್‌ಗೆ 2017ರ ಡಿಸೆಂಬರ್‌ನಿಂದ ನಾಲ್ಕು ಗಂಟೆಯೊಳಗೆ ತಲುಪಿಸುವ ರೈಲಿದೆ. ಹಾಗಿದ್ದೂ ಅಗ್ಗವೆಂದು ವಿಮಾನ ಹತ್ತಿದರೆ, ಅದರ ಹೊಗೆಯ ಬೆಲೆಯನ್ನು ಟಿಕೆಟ್ಟೇ ಕೊಳ್ಳದವರೂ, ಇನ್ನೂ ಹುಟ್ಟದವರೂ ತೆರುತ್ತಾರೆ. ಅವರ ಪಾಲಿನ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಬೆಲೆ ನ್ಯಾಯವಾದದ್ದೋ ಅಲ್ಲವೋ ಎಂಬುದು ಪೂರ್ತಿಯಾಗಿ ತೀರ್ಮಾನವಾಗುತ್ತದೆ.