ಉಪಚಾರದ ಬೆಲೆ

ಬೆಲೆ ಕೇಳುವುದು ಅಂಗಡಿಯಲ್ಲಿ ವಿವೇಕ, ಅತಿಥಿಯಾಗಿ ಹೋದ ಮನೆಯಲ್ಲಿ ಅವಿನಯ. ಅಂಗಡಿಯೂ ಅತಿಥಿಗೃಹವೂ ಒಂದೇ ಆಗಿರತಕ್ಕ ಸ್ಥಳದಲ್ಲಿ ಮಾಡತಕ್ಕದ್ದೇನು? ಜಪಾನಿನ ರಾತ್ರಿಯ ಪಾನಗೃಹಗಳು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಒಡ್ಡುತ್ತವೆ. ಅಲ್ಲಿ ಹೆಂಗಸರು ಗಿರಾಕಿಯ ಪಕ್ಕದಲ್ಲಿ ಕುಳಿತು, ಮದ್ಯ ಬಗ್ಗಿಸಿ, ಅವನ ಮಾತಿಗೆ ನಗುತ್ತಾರೆ. ಹೆಸರಿಗೆ ಮಾರಾಟವಾಗುವುದು ಮದ್ಯ; ನಿಜವಾಗಿ ಮಾರಾಟವಾಗುವುದು ಮನ್ನಣೆ.

ಕ್ಯೋತೋ ನಗರದ ಗಿಯೋನಿನಲ್ಲಿ ಗೀಷಾ ಸ್ತ್ರೀಯರ ಗಾನ ನೃತ್ಯಗಳು ನಡೆಯುವ ‘ಒಚಾಯಾ’ಗಳಲ್ಲಿ ಬೆಲೆಯ ಮಾತೇ ಏಳದಿರುವುದು ಹಳೆಯ ರೂಢಿ. ಹಿಂದೆ ಊದುಬತ್ತಿ ಉರಿದಷ್ಟು ಹೊತ್ತಿಗೆ ಇಷ್ಟೆಂದು ಎಣಿಸುತ್ತಿದ್ದ ಸಂಭಾವನೆಗೆ ‘ಹೂವಿನ ಹಣ’ವೆಂಬ ಅರ್ಥದ ಹೆಸರಿತ್ತು. ಲೆಕ್ಕದ ಚೀಟಿ ಅಂದೇ ಬರುವುದಿಲ್ಲ, ಅನಂತರ ಬರುತ್ತದೆ. ಇದನ್ನು ಬರಿಯ ಡಂಭವೆನ್ನಲಾಗದು. ಪರಿಚಿತನೊಬ್ಬನು ಕರೆತಾರದೆ ಹೊಸಬನಿಗೆ ಒಳಗೆ ಪ್ರವೇಶವಿಲ್ಲ. ಹೊಸಬನು ಹಣ ಕೊಡದೆ ಹೋದರೆ ಕರೆತಂದವನೇ ಹೊಣೆ. ಗಿರಾಕಿಯು ಮನೆಯನ್ನು ನಂಬಿದಂತೆ ಮನೆಯೂ ಗಿರಾಕಿಯನ್ನು ನಂಬುತ್ತದೆ. ಆ ಮೌನಕ್ಕೆ ಎರಡು ಕಡೆಯಿಂದಲೂ ಆಧಾರವುಂಟು.

ತೋಕಿಯೋದ ಕಬುಕಿಚೋವಿನಲ್ಲಿ ಆಧಾರ ಹೋಗಿ ಮೌನ ಮಾತ್ರ ಉಳಿಯಿತು. ಗಂಟೆಗೆ ಇಷ್ಟೆಂದು ದರ ಹೇಳಿರುತ್ತಾರೆ. ಆದರೆ ಹೆಸರು ಹೇಳಿ ಒಬ್ಬಳನ್ನು ಕರೆಸಿದರೆ ಬೇರೆ, ಅವಳು ಕುಡಿದುದಕ್ಕೆ ಬೇರೆ, ಹೊತ್ತು ಮೀರಿದರೆ ಬೇರೆ, ಇವೆಲ್ಲದರ ಮೇಲೆ ಉಪಚಾರದ ಶುಲ್ಕವೂ ತೆರಿಗೆಯೂ ಬೇರೆ. ಸುಲಿಗೆ ಮಿತಿಮೀರಿದಾಗ, 2000ರಲ್ಲಿ, ನಗರದ ಆಡಳಿತವು ದರವನ್ನು ಕಾಣುವಂತೆ ತೋರಿಸಬೇಕೆಂದೂ ಬೆದರಿಸಿ ವಸೂಲು ಮಾಡಬಾರದೆಂದೂ ಕಟ್ಟಳೆ ಮಾಡಬೇಕಾಯಿತು.

ಬಾಗಿಲಲ್ಲೇ ಬೆಲೆ ಕೇಳಿದರೆ ರಸಭಂಗವಾಗದೇ ಎಂದು ರಸಿಕರು ಆಕ್ಷೇಪಿಸಬಹುದು. ಟಿಕೀಟು ಕೊಂಡು ಒಳಹೊಕ್ಕವನು ನಾಟಕದಲ್ಲಿ ಕಣ್ಣೀರು ಸುರಿಸುವುದಿಲ್ಲವೇ? ಹೋಗುವ ಮೊದಲು, ಗೃಹದ ವ್ಯವಹಾರಸ್ಥನೊಡನೆ, ಎಲ್ಲ ಸೇರಿ ಎಷ್ಟಾಗುವುದೆಂದು ಸ್ಪಷ್ಟವಾಗಿ ಕೇಳಿಕೊಳ್ಳುವುದೇ ಸಭ್ಯತೆ. ಕುಡಿದೆದ್ದ ಮೇಲೆ, ಪಕ್ಕದಲ್ಲಿದ್ದವಳ ಕಿವಿಗೆ ಬೀಳುವಂತೆ ಚೌಕಾಸಿ ಮಾಡುವುದು ಮಾತ್ರ ಸಲ್ಲದು. ಆಗ ತಗ್ಗಿಸಿದ್ದು ಮದ್ಯದ ಬೆಲೆಯಾಗಿ ಉಳಿಯುವುದಿಲ್ಲ, ಅವಳ ಬೆಲೆಯಾಗುತ್ತದೆ. ಕೂಲಿಗಾಗಿ ನಕ್ಕವಳಿಗೂ ಮಾನವುಂಟು.

ಕುಕಿ ಶೂಜೋ ಎಂಬ ತತ್ತ್ವಜ್ಞನು 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಇಕಿ’ಯೆಂಬ ಜಪಾನೀ ರಸಿಕತೆಯನ್ನು ವಿವೇಚಿಸಿದನು. ಅವನ ಮತದಂತೆ ವಿಲಾಸಕ್ಕೆ ಅಂತರವೇ ಪ್ರಾಣ. ನಾಟಕದ ರಸವನ್ನು ಬಲ್ಲವರಿಗೆ ಇದು ಹೊಸದೆನಿಸದು. ಅಂತರವನ್ನು ಮರೆಸಿ ‘ಇದು ನಿಜವಾದ ಪ್ರೇಮ’ವೆಂದು ನಂಬಿಸಿದರೆ ಅದು ವಂಚನೆ. ಮೃಚ್ಛಕಟಿಕದ ವಸಂತಸೇನೆಯು ಶಕಾರನು ಕಳುಹಿಸಿದ ಹತ್ತು ಸಾವಿರದ ಒಡವೆಯನ್ನು ತಿರಸ್ಕರಿಸಿದಳು; ಗಣಿಕೆಯಾಗಿದ್ದರೂ ಒಲವನ್ನು ದರದ ಪಟ್ಟಿಗೆ ಸೇರಿಸಲಿಲ್ಲ.

ಗಂಡಸರು ಹೆಂಗಸರನ್ನು ರಂಜಿಸುವ ‘ಹೋಸ್ಟ್’ ಗೃಹಗಳಲ್ಲಿ ಇದಕ್ಕೆ ವಿಪರೀತವೇ ನಡೆಯಿತು. ಪ್ರೇಮದ ಹೆಸರಿನಲ್ಲಿ ಸಾಲದ ಮೇಲೆ ಮದ್ಯ ತರಿಸಿ, ಆ ಸಾಲ ತೀರಿಸಲು ಎಷ್ಟೋ ತರುಣಿಯರನ್ನು ಮೈಮಾರಾಟಕ್ಕೆ ನೂಕಿದರು. ಗಿರಾಕಿಯ ಪ್ರೇಮಭಾವನೆಯನ್ನು ದುರುಪಯೋಗಪಡಿಸಿಕೊಂಡು ಖರ್ಚು ಮಾಡಿಸುವುದನ್ನು ನಿಷೇಧಿಸುವ ಶಾಸನವು ಅಲ್ಲಿ 2025ರ ಜೂನ್ ತಿಂಗಳಲ್ಲಿ ಜಾರಿಗೆ ಬಂದಿತು. ಮದ್ಯದ ಲೆಕ್ಕವನ್ನು ಚೀಟಿಯಲ್ಲಿ ನೋಡಬಹುದು. ನುಡಿದ ಒಲವು ನಟನೆಯೋ ವಂಚನೆಯೋ ಎಂಬುದನ್ನು ಯಾವ ಅಧಿಕಾರಿ ಹೇಗೆ ಅಳೆಯಬೇಕು?