ಕೈ ಎತ್ತಿದ್ದು ಯಾವುದಕ್ಕಾಗಿ?

ಬಾಯಾರಿದವನು ನೀರಿನ ಲೋಟದ ಕಡೆ ಕೈ ಚಾಚುತ್ತಾನೆ. ಕೈ ಯಾಕೆ ಚಾಚಿತು? ಭುಜದ ಸ್ನಾಯುಗಳು ಬಿಗಿದು ತೋಳಿನ ಮೂಳೆಯನ್ನು ಎಳೆದವು, ಮೊಣಕೈ ನೆಟ್ಟಗಾಯಿತು, ಬೆರಳುಗಳು ಅರಳಿದವು ಎಂದು ಹೇಳಬಹುದು. ಅವನಿಗೆ ನೀರು ಬೇಕಿತ್ತು ಎಂದೂ ಹೇಳಬಹುದು. ಎರಡೂ ನಿಜವೇ. ಆದರೆ ದೇಹದ ಚಲನೆಯನ್ನು ಶಾಸ್ತ್ರೀಯವಾಗಿ ಅರಿಯಬೇಕು ಎಂದು ಹೊರಟವರಿಗೆ ಮೊದಲ ಉತ್ತರವಷ್ಟೇ ಸಾಕೇ, ಎರಡನೆಯದೂ ಬೇಕೇ? ತತ್ತ್ವಶಾಸ್ತ್ರದಲ್ಲಿ 'ಉದ್ದೇಶ ಕಾರಣ' ಎಂಬ ಹೆಸರಿನಲ್ಲಿ ನಡೆದ ದೀರ್ಘ ವಾದದ ಒಂದು ಕವಲು ಇದು. ಎರಡನೆಯದು ಬೇಕೇ ಬೇಕು ಎಂಬುದು ನನ್ನ ನಿಲುವು. ಅದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿದ್ದು ತತ್ತ್ವಗ್ರಂಥಗಳಲ್ಲಿ ಅಲ್ಲ, ಸುತ್ತಿಗೆ ಏಟುಗಳನ್ನು ಅಳೆಯುತ್ತಿದ್ದ ಮಾಸ್ಕೋದ ಒಂದು ಪ್ರಯೋಗಶಾಲೆಯಲ್ಲಿ.

ವಾದ ಶುರುವಾಗುವುದು ಕ್ರಿಸ್ತಪೂರ್ವ 4ನೆಯ ಶತಮಾನದ ಅರಿಸ್ಟಾಟಲ್‌ನಿಂದ. ಪ್ರಾಣಿಗಳ ಚಲನೆಯ ಬಗ್ಗೆ ಒಂದು, ನಡಿಗೆಯ ಬಗ್ಗೆ ಇನ್ನೊಂದು, ಹೀಗೆ ಎರಡು ಕಿರುಗ್ರಂಥಗಳನ್ನೇ ಅವನು ಬರೆದಿದ್ದಾನೆ. ಒಂದು ಅಂಗ ಚಲಿಸಬೇಕಾದರೆ ಇನ್ನೊಂದು ಸ್ಥಿರವಾಗಿ ನಿಲ್ಲಬೇಕು ಎಂಬುದು ಅವನ ಮೊದಲ ಸೂತ್ರ. ಮುಂದೋಳು ಮಡಚುವಾಗ ಮೊಣಕೈ ನೆಲೆಯಾಗಿ ನಿಲ್ಲುತ್ತದೆ. ದೇಹದ ಹೊರಗೂ ಹಾಗೆಯೇ. ಕಾಲಡಿ ಮರಳು ಜಾರಿದರೆ ನಡೆಯುವುದು ಕಷ್ಟ, ಏಕೆಂದರೆ ಒತ್ತಿದ್ದಕ್ಕೆ ಎದುರು ನಿಲ್ಲುವ ನೆಲ ಅಲ್ಲಿಲ್ಲ. ನಾಲ್ಕು ಕಾಲಿನ ಪ್ರಾಣಿಗಳು ಬಲ ಮುಂಗಾಲಿನ ಜೊತೆಗೆ ಎಡ ಹಿಂಗಾಲು ಎಂಬಂತೆ ಕರ್ಣರೇಖೆಯಲ್ಲಿ ಹೆಜ್ಜೆ ಹಾಕುತ್ತವೆ ಎಂಬುದನ್ನೂ ಅವನು ಗುರುತಿಸಿದ್ದ.

ಇಷ್ಟಕ್ಕೇ ನಿಂತಿದ್ದರೆ ಅವನನ್ನು ಯಂತ್ರಶಾಸ್ತ್ರದ ಪೂರ್ವಜ ಎಂದು ಸುಮ್ಮನಾಗಬಹುದಿತ್ತು. ಆದರೆ ಅವನಿಗೆ ಚಲನೆ ಎಂದರೆ ಮೂಳೆಗಳ ಸ್ಥಾನಾಂತರ ಮಾತ್ರವಲ್ಲ. ಕುಡಿಯಬೇಕು ಎಂದು ಬಯಕೆ ಹೇಳುತ್ತದೆ, ಇದು ಕುಡಿಯುವಂಥದ್ದು ಎಂದು ಇಂದ್ರಿಯ ಹೇಳುತ್ತದೆ, ಪ್ರಾಣಿ ಕುಡಿಯುತ್ತದೆ. ಎರಡು ಆಧಾರವಾಕ್ಯಗಳಿಂದ ತೀರ್ಮಾನ ಹುಟ್ಟುವ ಹಾಗೆ ಇಲ್ಲಿ ಕ್ರಿಯೆಯೇ ತೀರ್ಮಾನವಾಗಿ ಹುಟ್ಟುತ್ತದೆ ಎಂಬುದು ಅವನ ವಿವರಣೆ. ಅಂಗರಚನೆಯ ವಿಷಯದಲ್ಲೂ ಅವನದು ಇದೇ ದಾರಿ. ಕಾಲು ಹೀಗೇಕಿದೆ ಎಂದು ತಿಳಿಯಬೇಕಾದರೆ ಅದು ಯಾವ ಕೆಲಸಕ್ಕೆ ಎಂದು ಕೇಳಬೇಕು. ಅವನು ತಪ್ಪಿದ್ದೂ ಉಂಟು. ನರಮಂಡಲದ ಅರಿವಿಲ್ಲದೆ ಹೃದಯವೇ ಚಲನೆಯ ಮೂಲ ಎಂದ. ಹಕ್ಕಿಯ ಕಾಲು ಹಿಂದಕ್ಕೆ ಮಡಚುವುದನ್ನು ಕಂಡು ಅದರ ಮಂಡಿ ನಮ್ಮದಕ್ಕೆ ಉಲ್ಟಾ ಎಂದುಕೊಂಡ. ಅಲ್ಲಿ ಮಡಚುವುದು ಹಕ್ಕಿಯ ಹರಡು, ಮಂಡಿ ಗರಿಗಳೊಳಗೆ ಅಡಗಿರುತ್ತದೆ.

17ನೆಯ ಶತಮಾನ ಈ 'ಯಾವುದಕ್ಕಾಗಿ' ಎಂಬ ಪ್ರಶ್ನೆಯನ್ನೇ ಹೊರಗಟ್ಟಿತು. ಡೆಕಾರ್ಟ್ ತನ್ನ 1637ರ ಕೃತಿಯಲ್ಲಿ ಪ್ರಾಣಿಗಳನ್ನು ಮನಸ್ಸಿಲ್ಲದ ಯಂತ್ರಗಳೆಂದು ಬಣ್ಣಿಸಿದ. ಆ ಯಂತ್ರದ ಲೆಕ್ಕ ಬಿಡಿಸಿದವನು ಇಟಲಿಯ ಗಣಿತಜ್ಞ ಜೊವಾನಿ ಬೊರೆಲ್ಲಿ. ಅವನು 1679ರಲ್ಲಿ ತೀರಿಕೊಂಡ ನಂತರ, 1680-81ರಲ್ಲಿ, ಪ್ರಾಣಿಗಳ ಚಲನೆಯ ಬಗೆಗಿನ ಅವನ ಮಹಾಗ್ರಂಥ ಹೊರಬಂತು. ಅದರಲ್ಲಿನ ಒಂದು ಶೋಧ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸ್ನಾಯು ಅಲ್ಪ ಬಲದಿಂದ ದೊಡ್ಡ ಭಾರ ಎತ್ತುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದರು. ನಿಜ ಅದರ ತಿರುವುಮುರುವು. ತೋಳಿನ ಸ್ನಾಯು ಮುಂದೋಳಿನ ಮೂಳೆಗೆ ಅಂಟಿಕೊಳ್ಳುವುದು ಮೊಣಕೈಗೆ ತೀರಾ ಹತ್ತಿರದಲ್ಲಿ, ಭಾರ ಇರುವುದು ದೂರದ ಅಂಗೈಯಲ್ಲಿ. ಹಾಗಾಗಿ ಅಂಗೈಯಲ್ಲಿ 5 ಕಿಲೋ ಹಿಡಿದರೆ ಸ್ನಾಯು ಅದರ ಹಲವು ಪಟ್ಟು ಬಲದಿಂದ ಎಳೆಯಬೇಕು. ಬಲದಲ್ಲಿ ಇಷ್ಟೊಂದು ನಷ್ಟ ಹೊತ್ತರೂ ದೇಹಕ್ಕೆ ಪ್ರತಿಫಲ ಉಂಟು: ಸ್ನಾಯು ಒಂದಿಷ್ಟು ಕುಗ್ಗಿದರೆ ಸಾಕು, ಅಂಗೈ ಬಹುದೂರ ವೇಗವಾಗಿ ಸಾಗುತ್ತದೆ. ಗಮನಿಸಿ, ಈ ಕೊನೆಯ ವಾಕ್ಯ ಬರೆಯುವಾಗಲೇ 'ಯಾವುದಕ್ಕಾಗಿ' ಹಿಂಬಾಗಿಲಿನಿಂದ ಒಳಗೆ ಬಂದುಬಿಟ್ಟಿದೆ.

ಆಮೇಲೆ ಬಂದ ಕ್ಯಾಮೆರಾ ಕಣ್ಣಿನ ಮಿತಿಯನ್ನು ದಾಟಿಸಿತು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಲ್ಕೂ ಗೊರಸು ನೆಲ ಬಿಡುವ ಕ್ಷಣ ಇದೆ, ಆದರೆ ಆಗ ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿರುತ್ತವೆ. ವರ್ಣಚಿತ್ರಕಾರರು ಬರೆಯುತ್ತಿದ್ದಂತೆ ಹಿಂದಕ್ಕೂ ಮುಂದಕ್ಕೂ ಚಾಚಿರುವುದಿಲ್ಲ. ಪ್ಯಾರಿಸ್‌ನಲ್ಲಿ ಎಟಿಯೆನ್ ಮಾರೆ 1894ರಲ್ಲಿ ಬೆನ್ನು ಕೆಳಗಾಗಿ ಬೀಳುವ ಬೆಕ್ಕು ಗಾಳಿಯಲ್ಲೇ ಹೊರಳಿ ಕಾಲೂರುವುದನ್ನು ಚಿತ್ರಸರಣಿಯಲ್ಲಿ ತೋರಿಸಿದ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಉದ್ದೇಶ ಎಂಬ ಮಾತಿನಡಿ ಎರಡು ಬೇರೆ ಸಂಗತಿಗಳಿವೆ. ಬೆಕ್ಕಿನ ಬೆನ್ನುಮೂಳೆ ಅಷ್ಟೊಂದು ಬಾಗುವಂತೆ ಇರುವುದು ಏಕೆ ಎಂಬುದು ಅಂಗರಚನೆಯ ಪ್ರಶ್ನೆ. ಇದಕ್ಕೆ ಡಾರ್ವಿನ್ 1859ರಲ್ಲಿ ಉತ್ತರ ಕೊಟ್ಟ: ಯಾರೂ ಉದ್ದೇಶವಿಟ್ಟು ರಚಿಸಬೇಕಿಲ್ಲ, ನಿಸರ್ಗದ ಆಯ್ಕೆಯೇ ತಲೆಮಾರುಗಳಲ್ಲಿ ಅಂಥ ರಚನೆಯನ್ನು ಉಳಿಸುತ್ತದೆ. ಈ ಬೆಕ್ಕು ಈಗ ಈ ಇಲಿಯ ಕಡೆ ನೆಗೆಯುತ್ತಿದೆ ಎಂಬುದು ಇನ್ನೊಂದು ಬಗೆಯ ಉದ್ದೇಶ, ಕ್ರಿಯೆಯ ಉದ್ದೇಶ. ಡಾರ್ವಿನ್‌ನ ಉತ್ತರದಿಂದ ಎರಡನೆಯ ಪ್ರಶ್ನೆಯೂ ಕರಗಿಹೋಯಿತು ಎಂದು ತಿಳಿದವರು ಬಹಳ. ಅದು ಕರಗಿಲ್ಲ.

ಅದನ್ನು ಅಳತೆಗೆ ತಂದವನು ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್ (1896-1966). 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಯಲ್ಲಿ ಅವನಿಗೆ ಒಪ್ಪಿಸಿದ್ದು ಉಳಿಯ ಮೇಲೆ ಸುತ್ತಿಗೆ ಬಡಿಯುವ ಕೆಲಸಗಾರರ ಚಲನೆಯ ವಿಶ್ಲೇಷಣೆ. ಕಾರ್ಖಾನೆಯ ಕೆಲಸವನ್ನು ಆದರ್ಶ ಚಲನೆಗಳಾಗಿ ಒಡೆದು ಎಲ್ಲರಿಗೂ ಕಲಿಸಬೇಕೆಂಬ ಹುರುಪಿನ ಕಾಲ ಅದು. ಅವನು ಕೆಲಸಗಾರರ ಕೀಲುಗಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ಅವುಗಳ ಬೆಳಕಿನ ಜಾಡನ್ನು ಫೋಟೊದಲ್ಲಿ ಹಿಡಿದ. ನುರಿತ ಕೈಯ ಪ್ರತಿ ಏಟೂ ಒಂದೇ ಅಚ್ಚಿನಲ್ಲಿರುತ್ತದೆ ಎಂದು ಯಾರಾದರೂ ಊಹಿಸುತ್ತಿದ್ದರು. ಹಾಗಿರಲಿಲ್ಲ. ಸುತ್ತಿಗೆಯ ತಲೆಯ ಜಾಡು ಏಟಿನಿಂದ ಏಟಿಗೆ ಹೆಚ್ಚು ಬದಲಾಗಲಿಲ್ಲ. ಭುಜ, ಮೊಣಕೈ, ಮಣಿಕಟ್ಟುಗಳ ಜಾಡು ಅದಕ್ಕಿಂತ ಹೆಚ್ಚು ಬದಲಾಗುತ್ತಿತ್ತು.

ಬಿಡಿ ಭಾಗಗಳು ಅತ್ತಿತ್ತ ಆದರೂ ಒಟ್ಟು ಫಲ ಅಚಲವಾಗಿರುವುದು ಹೇಗೆ? ಭುಜದಲ್ಲಿ ಮೂರು, ಮೊಣಕೈ-ಮುಂದೋಳಲ್ಲಿ ಎರಡು, ಮಣಿಕಟ್ಟಿನಲ್ಲಿ ಎರಡು, ಒಟ್ಟು 7 ಬಗೆಯಲ್ಲಿ ತೋಳು ತಿರುಗಬಲ್ಲದು. ಅಂಗೈಯನ್ನು ಒಂದು ಜಾಗದಲ್ಲಿ ಒಂದು ದಿಕ್ಕಿಗೆ ನಿಲ್ಲಿಸಲು 6 ಸಾಕು. ಈ ಹೆಚ್ಚುವರಿಯಿಂದಾಗಿ ಒಂದೇ ಏಟನ್ನು ಲೆಕ್ಕವಿಲ್ಲದಷ್ಟು ರೀತಿಯಲ್ಲಿ ಕೊಡಬಹುದು. ಮೊಣಕೈ ಕೊಂಚ ಹೆಚ್ಚು ಚಾಚಿದರೆ ಮಣಿಕಟ್ಟು ಆ ಹೆಚ್ಚಳವನ್ನು ಸರಿದೂಗಿಸುತ್ತದೆ. ಸರಿದೂಗಿಸುವುದು ಎಂದಾಗ ಯಾವುದಕ್ಕೆ ಸರಿ? ಉಳಿಯ ನೆತ್ತಿಗೆ. ಆ ಗುರಿಯನ್ನು ಹೆಸರಿಸದೆ ಮಣಿಕಟ್ಟು ಆ ಕ್ಷಣ ಮಾಡಿದ್ದನ್ನು ವರ್ಣಿಸಲು ಹೊರಟರೆ ನಮ್ಮ ಕೈಗೆ ಸಿಗುವುದು ಚೆಲ್ಲಾಪಿಲ್ಲಿ ಅಂಕಿಗಳು ಮಾತ್ರ. ಉದ್ದೇಶ ಚಲನೆಗೆ ನಾವು ಹೊರಗಿನಿಂದ ಹಚ್ಚುವ ವ್ಯಾಖ್ಯಾನವಲ್ಲ, ಚಲನೆಯ ಒಳರಚನೆಯಲ್ಲೇ ಅದು ಇದೆ ಎನ್ನಲು ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೂ ಬಾರದ ಫಲ ಈಗಿನ ಚಲನೆಗೆ ಕಾರಣವಾಗುವುದು ಹೇಗೆ ಎಂದು ಆಕ್ಷೇಪಿಸಬಹುದು. ಅದು ನ್ಯಾಯವಾದ ಆಕ್ಷೇಪವೇ. ಬರ್ನ್‌ಸ್ಟೈನ್ ಕೊಟ್ಟ ಉತ್ತರವೆಂದರೆ, ಬೇಕಾದ ಮುಂದಿನ ಸ್ಥಿತಿಯ ಒಂದು ಮಾದರಿ ಮಿದುಳಿನಲ್ಲಿ ಈಗಲೇ ಇರುತ್ತದೆ. ದೇಹದಿಂದ ಬರುವ ಸುದ್ದಿಯನ್ನು ಅದಕ್ಕೆ ಹೋಲಿಸಿ ನೋಡುತ್ತಾ ನರಮಂಡಲ ಕ್ಷಣಕ್ಷಣವೂ ತಿದ್ದುತ್ತದೆ. ಹಾಗಾಗಿ ಉದ್ದೇಶಕ್ಕೂ ಯಂತ್ರನಿಯಮಕ್ಕೂ ಜಗಳವಿಲ್ಲ. ಬೊರೆಲ್ಲಿಯ ಸನ್ನೆಕೋಲುಗಳೆಲ್ಲ ಸರಿ, ಆದರೆ ಅವುಗಳಲ್ಲಿ ಯಾವುದು ಎಷ್ಟು ಎಂದು ಹೊಂದಿಸುವುದು ಗುರಿ. ಈ ಸಂಶೋಧನೆಗೆ ಬರ್ನ್‌ಸ್ಟೈನ್ ತೆತ್ತ ಬೆಲೆ ದೊಡ್ಡದು. 1948ರಲ್ಲಿ ಸ್ಟಾಲಿನ್ ಪ್ರಶಸ್ತಿ ಪಡೆದವನನ್ನು ಕೆಲವೇ ವರ್ಷಗಳಲ್ಲಿ ಶರೀರವಿಜ್ಞಾನಿ ಪಾವ್ಲೊವ್ ಪ್ರತಿಪಾದಿಸಿದ ಪ್ರತಿವರ್ತನ ಸಿದ್ಧಾಂತದ ವಿರೋಧಿ ಎಂದು ದೂಷಿಸಿ ಪ್ರಯೋಗಶಾಲೆಯಿಂದ ದೂರವಿಟ್ಟರು.

ಇದು ಪಂಡಿತರ ಜಿಜ್ಞಾಸೆ ಮಾತ್ರ ಎನ್ನುವವರು ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡಬೇಕು. ಸೋವಿಯತ್ ಮನೋವಿಜ್ಞಾನಿಗಳಾದ ಲಿಯೊಂತ್ಯೆವ್ ಮತ್ತು ಝಪೊರೊಝೆತ್ಸ್ ಕೈಗೆ ಪೆಟ್ಟಾದ ಸೈನಿಕರ ಚೇತರಿಕೆಯನ್ನು ಅಧ್ಯಯನ ಮಾಡಿ 1945ರಲ್ಲಿ ಪ್ರಕಟಿಸಿದರು. ಸುಮ್ಮನೆ ಕೈ ಮೇಲೆತ್ತು ಎಂದಾಗ ಒಂದು ಎತ್ತರಕ್ಕೆ ನಿಂತುಬಿಡುತ್ತಿದ್ದ ಅದೇ ತೋಳು, ಮೇಲಿರುವ ಒಂದು ವಸ್ತುವನ್ನು ತೆಗೆದುಕೋ ಎಂದಾಗ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು. ಸ್ನಾಯು, ಕೀಲು, ಗಾಯ ಎಲ್ಲವೂ ಅವೇ ಇದ್ದವು, ಬದಲಾಗಿದ್ದು ಕೆಲಸ ಮಾತ್ರ.